ಕಾಂಪೌಂಡಿನಾಚೆಗೆ ಹೋಗುವ ಮಳೆ
(ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ದೊಡ್ಡ ವಿಷಯವನ್ನೇ ಎತ್ತಿಕೊಳ್ಳಬೇಕೆಂಬ ರೂಢಿ ನಮ್ಮಲ್ಲಿದೆ. ನೀರಿನ ವಿಷಯವಾದರಂತೂ ನದಿ, ಅಣೆಕಟ್ಟು, ಅಂತರರಾಜ್ಯ ವ್ಯಾಜ್ಯ. ನಾನು ಇವತ್ತು ಮಾತಾಡುವುದು ಹತ್ತು ಗುಂಟೆ ಜಾಗದ ಬಗ್ಗೆ. ಬೆಂಗಳೂರಿನ ಹಳೆಯ ಬಡಾವಣೆಯಲ್ಲಿ ಹೆಂಚಿನ ಮನೆಯೊಂದನ್ನು ಕೆಡವಿ ಅಲ್ಲೇ ಅಪಾರ್ಟ್‌ಮೆಂಟ್ ಎಬ್ಬಿಸಿದರೆ, ಆ ಜಾಗದಿಂದ ಬೀದಿ ಚರಂಡಿಗೆ ಹೋಗುವ ಮಳೆನೀರು ಎಷ್ಟು ಹೆಚ್ಚುತ್ತದೆ? ಅದನ್ನು ಅಳೆಯುವುದು ಹೇಗೆ? ಅಳೆದವರು ಕೊಟ್ಟ ಲೆಕ್ಕವನ್ನು ಪರೀಕ್ಷಿಸುವುದು ಹೇಗೆ? ಬಸವನಗುಡಿ, ಮಲ್ಲೇಶ್ವರ, ಜಯನಗರ, ರಾಜಾಜಿನಗರಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಬಿದ್ದು ಏಳುತ್ತಿರುವಾಗ ಈ ಸಣ್ಣ ಲೆಕ್ಕಗಳೆಲ್ಲ ಕೂಡಿ ರಾಜಕಾಲುವೆ ತುಂಬುತ್ತದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮರುನಿರ್ಮಾಣಗೊಂಡ ನಿವೇಶನದ ಹರಿವನ್ನು ಹೋಲಿಸಬೇಕಾದದ್ದು ಕೆಡವಿದ ಕಟ್ಟಡದೊಂದಿಗಲ್ಲ, ಕಟ್ಟಡವೇ ಇಲ್ಲದಿದ್ದಾಗಿನ ನೆಲದೊಂದಿಗೆ. ಒಂದು ಕಟ್ಟಡ ಐವತ್ತು ಅರವತ್ತು ವರ್ಷ ನಿಲ್ಲುತ್ತದೆ. ಹಿಂದಿನವರು ಮಾಡಿದ ತಪ್ಪನ್ನು ತಿದ್ದಲು ಊರಿಗೆ ಸಿಗುವ ಅವಕಾಶ ಆ ಕಟ್ಟಡವನ್ನು ಕೆಡವಿದ ಹೊತ್ತು ಮಾತ್ರ.

ಊರಿನ ಇಳಿಜಾರು

ಬೆಂಗಳೂರು ನದಿದಂಡೆಯ ಊರಲ್ಲ, ದಿಣ್ಣೆಯ ಮೇಲಿನ ಊರು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ದಿಣ್ಣೆಯಿಂದ ನೀರು ಮೂರು ಮುಖ್ಯ ಕಣಿವೆಗಳಿಗೆ ಇಳಿಯುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ವೃಷಭಾವತಿ ಕಣಿವೆಯದು ಅರ್ಕಾವತಿಯ ಮೂಲಕ ಕಾವೇರಿಗೆ. ದಿಣ್ಣೆಯ ಊರಿನಲ್ಲಿ ಪ್ರತಿ ಮನೆಗೂ ಒಂದು ಕೆಳಮನೆ ಇದೆ. ಮೇಲಿನವರು ಬಿಟ್ಟ ನೀರು ಕೆಳಗಿನವರ ಗೇಟಿಗೆ ಬರುವುದಕ್ಕೆ ಯಾವ ನಕ್ಷೆಯ ಒಪ್ಪಿಗೆಯೂ ಬೇಕಿಲ್ಲ.

2022ರ ಸೆಪ್ಟೆಂಬರ್ 5ರ ಬೆಳಗ್ಗೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಯಿತು. ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದವು. ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದ ಚಿತ್ರಗಳನ್ನು ದೇಶವೇ ನೋಡಿತು. ಆಗ ಎಲ್ಲರೂ ಮಾತಾಡಿದ್ದು ರಾಜಕಾಲುವೆ ಒತ್ತುವರಿಯ ಬಗ್ಗೆ. ಒತ್ತುವರಿ ನಿಜ, ತೆರವಾಗಬೇಕಾದದ್ದೂ ನಿಜ. ಆದರೆ ಒತ್ತುವರಿ ಕಾಲುವೆಯ ಅಗಲವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಕಾಲುವೆಗೆ ಬಂದು ಬೀಳುವ ನೀರನ್ನು ಹೆಚ್ಚಿಸುವವರು ಬೇರೆ. ಅವರು ಕಾಲುವೆಯಿಂದ ಎರಡು ಕಿಲೋಮೀಟರ್ ಮೇಲೆ, ಕ್ರಮಬದ್ಧ ದಾಖಲೆಪತ್ರಗಳಿರುವ ನಿವೇಶನದಲ್ಲಿ, ಮಂಜೂರಾದ ನಕ್ಷೆಯ ಪ್ರಕಾರವೇ ಕಟ್ಟುತ್ತಿರುವ ನಾವು ನೀವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ನಗರ ಪ್ರವಾಹಕ್ಕೆಂದೇ ಹೊರಡಿಸಿದ ಮಾರ್ಗಸೂಚಿ ಇದನ್ನು ಅಂಕಿಯಲ್ಲೇ ಹೇಳಿದೆ: ನಗರೀಕರಣದಿಂದ ಪ್ರವಾಹದ ಗರಿಷ್ಠ ಮಟ್ಟ 1.8ರಿಂದ 8 ಪಟ್ಟು, ನೀರಿನ ಪ್ರಮಾಣ 6 ಪಟ್ಟಿನವರೆಗೂ ಏರಬಹುದು.

ಹತ್ತು ಗುಂಟೆಯ ಲೆಕ್ಕ

ಈಗ ಲೆಕ್ಕಕ್ಕೆ ಇಳಿಯೋಣ. ಬಳಸುವ ಸೂತ್ರ ಹಳೆಯದು. ಐರ್ಲೆಂಡಿನ ಥಾಮಸ್ ಮಲ್ವೇನಿ 1851ರಲ್ಲಿ ಅದರ ತಳಹದಿ ಹಾಕಿದ. ಅಮೆರಿಕದ ರೋಚೆಸ್ಟರ್ ನಗರದ ಚರಂಡಿಗಳನ್ನು ಅಭ್ಯಸಿಸಿ ಎಮಿಲ್ ಕೈಕ್ಲಿಂಗ್ 1889ರಲ್ಲಿ ಅದನ್ನು ನಗರಕ್ಕೆ ಒಗ್ಗಿಸಿದ. ಗರಿಷ್ಠ ಹರಿವು ಎಂದರೆ ಹರಿವಿನ ಗುಣಾಂಕ, ಮಳೆಯ ತೀವ್ರತೆ ಮತ್ತು ವಿಸ್ತೀರ್ಣ, ಈ ಮೂರರ ಗುಣಲಬ್ಧ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದು ಹೋಗುತ್ತದೆ ಎಂಬುದೇ ಗುಣಾಂಕ. ಕಾಂಕ್ರೀಟ್ ತಾರಸಿಗೆ ಅದು 0.9ರ ಸುಮಾರು, ಡಾಂಬರು ಮತ್ತು ಸಿಮೆಂಟ್ ನೆಲಕ್ಕೆ 0.85, ಸಮತಟ್ಟಾದ ಮಣ್ಣಿನ ತೋಟಕ್ಕೆ 0.2 ಎಂದು ಇಟ್ಟುಕೊಳ್ಳೋಣ.

ಹತ್ತು ಗುಂಟೆ ಎಂದರೆ ಕಾಲು ಎಕರೆ, ಹೆಚ್ಚುಕಡಿಮೆ 1,000 ಚದರ ಮೀಟರ್. ಇದು ನಾನು ಉದಾಹರಣೆಗೆಂದು ಕಟ್ಟಿಕೊಂಡ ನಿವೇಶನ. ಆದರೆ ಇಂಥದ್ದನ್ನು ನೀವೆಲ್ಲ ನೋಡಿದ್ದೀರಿ. ಹಳೆಯ ಮನೆಯ ಚಾವಣಿ 250 ಚದರ ಮೀಟರ್. ಮುಂದಿನ ಕಲ್ಲುಹಾಸು, ಬಟ್ಟೆ ಒಗೆಯುವ ಕಟ್ಟೆ, ಗ್ಯಾರೇಜಿನ ದಾರಿ ಸೇರಿ 100. ಉಳಿದ 650 ಮಣ್ಣು: ಎರಡು ತೆಂಗು, ಒಂದು ಹಲಸು, ಬಾಳೆ, ಹಿತ್ತಲಿನ ಕರಿಬೇವು. ಪ್ರತಿಯೊಂದನ್ನೂ ಅದರದರ ಗುಣಾಂಕದಿಂದ ಗುಣಿಸಿ ಕೂಡಿದರೆ 440. ಅಂದರೆ ಇಡೀ ನಿವೇಶನದ ಗುಣಾಂಕ 0.44.

ಹೊಸ ಕಟ್ಟಡದಲ್ಲಿ ಚಾವಣಿ 600, ಪೇವರ್ ಹಾಕಿದ ದಾರಿ ಮತ್ತು ರ‍್ಯಾಂಪ್ 320, ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಜಾಗ 80. ಆ ಹಸಿರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೆಲಮಾಳಿಗೆಯನ್ನು ಸೆಟ್‌ಬ್ಯಾಕ್‌ನವರೆಗೂ ತೋಡಿರುವುದರಿಂದ ಅದು ಸ್ಲ್ಯಾಬಿನ ಮೇಲೆ ಸುರಿದ ಒಂದಡಿ ಮಣ್ಣು. ಅದರ ಕೆಳಗೆ ಕಾರು ನಿಂತಿದೆ. ನೀರು ಒಂದಡಿ ಇಳಿದು, ಸ್ಲ್ಯಾಬಿಗೆ ತಗುಲಿ, ಪೈಪು ಹಿಡಿದು ಚರಂಡಿಗೇ ಹೋಗುತ್ತದೆ. ಉದಾರವಾಗಿ ಅದಕ್ಕೆ 0.5 ಕೊಟ್ಟರೂ ಒಟ್ಟು 852, ಗುಣಾಂಕ 0.85.

ಗಂಟೆಗೆ 60 ಮಿಲಿಮೀಟರ್ ತೀವ್ರತೆಯ ಮಳೆಗೆ ಹಳೆಯ ಮನೆಯ ಗೇಟಿನಿಂದ ಹೊರಬೀಳುವ ಹರಿವು ಸೆಕೆಂಡಿಗೆ 7.3 ಲೀಟರ್, ಹೊಸ ಕಟ್ಟಡದಿಂದ 14.2 ಲೀಟರ್. ಸುಮಾರು ಎರಡು ಪಟ್ಟು. ಮರುನಿರ್ಮಾಣದ ಹರಿವಿನ ಬಗ್ಗೆ ಬರೆಯುವ ಬಹುಪಾಲು ವರದಿಗಳು ಇಲ್ಲಿಗೆ ನಿಲ್ಲುತ್ತವೆ. ಲೆಕ್ಕ ಇಲ್ಲಿಗೆ ನಿಲ್ಲಬಾರದು.

ಹೊತ್ತಿನ ಲೆಕ್ಕ

ಹೆಂಚಿನ ಮೇಲೆ ಬಿದ್ದ ನೀರು ಸೂರಿನಿಂದ ಅಂಗಳಕ್ಕೆ ಬಿದ್ದು, ಬಾಳೆಯ ಪಾತಿ ತುಂಬಿಸಿ, ತರಗೆಲೆಗಳ ನಡುವೆ ದಾರಿ ಹುಡುಕಿಕೊಂಡು ಗೇಟಿಗೆ ಬರುವುದಕ್ಕೆ ಹದಿನೈದು ನಿಮಿಷ ಬೇಕಿತ್ತು ಎನ್ನೋಣ. ಈಗ ತಾರಸಿಯ ನೀರು ನಾಲ್ಕಿಂಚಿನ ಪೈಪಿನಲ್ಲಿ ನೇರ ಇಳಿದು ಐದು ನಿಮಿಷದಲ್ಲಿ ಹೊರಗಿರುತ್ತದೆ. ನಿವೇಶನದ ಮೂಲೆಮೂಲೆಯ ನೀರೂ ಬಾಗಿಲಿಗೆ ಬಂದು ಕೂಡಲು ಹಿಡಿಯುವ ಈ ಅವಧಿ ಕುಗ್ಗಿದರೆ, ಲೆಕ್ಕಕ್ಕೆ ಹಿಡಿಯಬೇಕಾದ ಮಳೆಯ ತೀವ್ರತೆಯೇ ಬದಲಾಗುತ್ತದೆ. ಐದು ನಿಮಿಷದ ಬಿರುಸು ಹದಿನೈದು ನಿಮಿಷದ ಸರಾಸರಿಗಿಂತ ಯಾವಾಗಲೂ ಜೋರು. ನಮ್ಮ ಉದಾಹರಣೆಯಲ್ಲಿ ಅದನ್ನು ಗಂಟೆಗೆ 90 ಮಿಲಿಮೀಟರ್ ಎಂದಿಟ್ಟುಕೊಂಡರೆ ಹರಿವು ಸೆಕೆಂಡಿಗೆ 21.3 ಲೀಟರ್. ಎರಡು ಪಟ್ಟು ಎಂದದ್ದು ಮೂರು ಪಟ್ಟಾಯಿತು.

ಗರಿಷ್ಠ ಹರಿವಿನ ಜೊತೆಗೆ ಒಟ್ಟು ನೀರನ್ನೂ ಎಣಿಸಬೇಕು. 131.6 ಮಿಲಿಮೀಟರ್ ಮಳೆಯ ದಿನ ನಮ್ಮ ಹತ್ತು ಗುಂಟೆಯ ಮೇಲೆ 1,31,600 ಲೀಟರ್ ನೀರು ಬೀಳುತ್ತದೆ. ಅದೇ ಗುಣಾಂಕಗಳನ್ನು ಹಿಡಿದರೆ ಹಳೆಯ ಮನೆ ಸುಮಾರು 58,000 ಲೀಟರ್ ಹೊರಗೆ ಬಿಡುತ್ತಿತ್ತು, ಹೊಸ ಕಟ್ಟಡ 1,12,000 ಲೀಟರ್ ಬಿಡುತ್ತದೆ. ವ್ಯತ್ಯಾಸ 54,000 ಲೀಟರ್, ಅಂದರೆ 6,000 ಲೀಟರಿನ ಒಂಬತ್ತು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಟ್ಯಾಂಕರಿನ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಗಿ ಬಂದ ಊರು ನಮ್ಮದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ದಿನವಿಡೀ ಸುರಿಯುವ ಮಳೆಯಲ್ಲಿ ಮಣ್ಣು ನೆನೆದು ತಣಿದ ಮೇಲೆ 0.2 ಗುಣಾಂಕ ಹಾಗೇ ಉಳಿಯುವುದಿಲ್ಲ, ಏರುತ್ತದೆ. ಆದ್ದರಿಂದ ಒಟ್ಟು ಪ್ರಮಾಣಕ್ಕೆ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿದ ಕರ್ವ್ ನಂಬರ್ ವಿಧಾನ ಹೆಚ್ಚು ಸೂಕ್ತ. ಅದು ಮಣ್ಣಿನ ಜಾತಿಯನ್ನೂ, ಹಿಂದಿನ ದಿನಗಳಲ್ಲಿ ನೆಲ ಎಷ್ಟು ನೆನೆದಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಣ್ಣ ನಿವೇಶನದ ಗರಿಷ್ಠ ಹರಿವಿಗೆ ಹಳೆಯ ಸೂತ್ರ ಸಾಕು. ಎರಡನ್ನೂ ಮಾಡಿ ನೋಡುವುದು ಒಳ್ಳೆಯ ಎಂಜಿನಿಯರನ ಲಕ್ಷಣ.

ಯಾವ ಸ್ಥಿತಿಗೆ ಹೋಲಿಸಬೇಕು

ಈಗ ನನ್ನ ವಾದದ ನಡುಮನೆಗೆ ಬಂದೆವು. ವರದಿಯಲ್ಲಿ ಮರುನಿರ್ಮಾಣಕ್ಕೆ ಮೊದಲಿನ ಹರಿವು ಎಂದು ಒಂದು ಅಂಕಿ ಇರುತ್ತದೆ. ಅದನ್ನು ಯಾರೂ ಅಳೆದಿರುವುದಿಲ್ಲ, ಕೋಷ್ಟಕದಿಂದ ಆರಿಸಿರುತ್ತಾರೆ. ನಮ್ಮ ಉದಾಹರಣೆಯಲ್ಲಿ ಹಿತ್ತಲಿನ ಮಣ್ಣಿಗೆ 0.2 ಬದಲು 0.4 ಎಂದು ಬರೆದುಬಿಡಿ. ಸುಳ್ಳು ಎನ್ನುವಂತಿಲ್ಲ, ಗಟ್ಟಿ ಮಣ್ಣು ಎಂದರಾಯಿತು. ಮೊದಲಿನ ಗುಣಾಂಕ 0.44ರಿಂದ 0.57ಕ್ಕೆ, ಹರಿವು 7.3ರಿಂದ 9.5 ಲೀಟರಿಗೆ ಏರುತ್ತದೆ. ಮೊದಲಿನದು ದೊಡ್ಡದಾದಷ್ಟೂ ನಂತರದ್ದು ಸಣ್ಣದಾಗಿ ಕಾಣುತ್ತದೆ, ಕಟ್ಟಬೇಕಾದ ತೊಟ್ಟಿ ಕಿರಿದಾಗುತ್ತದೆ. ಒಂದೇ ಒಂದು ದಶಮಾಂಶ ಅಂಕಿಯಲ್ಲಿ ಕೆಲಸ ಮುಗಿಯಿತು.

ಇದಕ್ಕಿಂತ ದೊಡ್ಡ ತೊಡಕು ಹಳೆಯ ಕಾರ್ಖಾನೆ, ಗೋದಾಮುಗಳದ್ದು. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಬಿನ್ನಿ ಮಿಲ್ಲಿನ ಕಡೆ ವಸತಿ ಸಮುಚ್ಚಯಗಳು ಎದ್ದಿವೆ. ಇಂಥ ಜಾಗಗಳು ಮೊದಲೇ ಷೀಟು, ಷೆಡ್ಡು, ಸಿಮೆಂಟು ನೆಲದಿಂದ ಮುಚ್ಚಿಹೋಗಿದ್ದರೆ, ಹೊಸದಾಗಿ ಏನು ಕಟ್ಟಿದರೂ ಹರಿವು ಹೆಚ್ಚಲಿಲ್ಲ ಎಂದು ಲೆಕ್ಕದಲ್ಲಿ ತೋರಿಸಬಹುದು. ನಾಲ್ಕು ಕುಂಡ ಇಟ್ಟರೆ ಸುಧಾರಣೆ ಎಂದೂ ಬರೆಯಬಹುದು. ಕಾಗದದಲ್ಲಿ ಅದು ನಿಜವೇ. ಕೆಳಗಿನ ಬಡಾವಣೆ ಮಾತ್ರ ಎಂದಿನಂತೆ ಮುಳುಗುತ್ತದೆ.

ಬೇರೆ ಊರುಗಳು ಈ ಗಂಟನ್ನು ಹೇಗೆ ಬಿಡಿಸಿದವು ನೋಡಿ. ಅಮೆರಿಕದಲ್ಲಿ 2007ರ ಇಂಧನ ಸ್ವಾವಲಂಬನೆಯ ಕಾಯ್ದೆಯ 438ನೇ ಸೆಕ್ಷನ್, 5,000 ಚದರ ಅಡಿ ಮೀರಿದ ಕೇಂದ್ರ ಸರ್ಕಾರಿ ಕಟ್ಟಡಗಳಿಗೆ, ಮರುನಿರ್ಮಾಣವೂ ಸೇರಿ, ಅಭಿವೃದ್ಧಿಗೆ ಮುಂಚಿನ ನೆಲದ ಸ್ಥಿತಿಯನ್ನೇ ಆಧಾರವಾಗಿಸಿತು. ಹರಿವಿನ ವೇಗ, ಪ್ರಮಾಣ, ಅವಧಿ, ಕೊನೆಗೆ ನೀರಿನ ಉಷ್ಣತೆಯೂ ಆ ಸ್ಥಿತಿಗೆ ಸಾಧ್ಯವಾದಷ್ಟೂ ಮರಳಬೇಕು. ಇಂಗ್ಲೆಂಡಿನ 2015ರ ಮಾನದಂಡ ನಡುದಾರಿ ಹಿಡಿಯಿತು: ಹಿಂದೆ ಕಟ್ಟಡವಿದ್ದ ಜಾಗದ ಹರಿವು ಸಾಧ್ಯವಾದಷ್ಟು ಹಸಿರುನೆಲದ ಹರಿವಿಗೆ ಸಮೀಪಿಸಬೇಕು, ಮರುನಿರ್ಮಾಣಕ್ಕೆ ಮುಂಚಿನದನ್ನು ಎಂದೂ ಮೀರಕೂಡದು. ಸಿಂಗಪುರ ಇನ್ನೂ ಸರಳ ಮಾಡಿತು. 2014ರ ಜನವರಿಯಿಂದ 0.2 ಹೆಕ್ಟೇರ್, ಅಂದರೆ ನಮ್ಮ ಇಪ್ಪತ್ತು ಗುಂಟೆ, ಹಾಗೂ ಅದಕ್ಕಿಂತ ದೊಡ್ಡ ಜಾಗದಲ್ಲಿ ಏನೇ ಕಟ್ಟಿದರೂ ಗರಿಷ್ಠ ಹರಿವು 0.55 ಗುಣಾಂಕಕ್ಕೆ ಸಮನಾದ ಮಟ್ಟ ಮೀರುವಂತಿಲ್ಲ. ಮೊದಲು ಅಲ್ಲಿ ಏನಿತ್ತು ಎಂಬ ಚರ್ಚೆಗೇ ಅವಕಾಶವಿಲ್ಲ.

ನನಗೆ ಹಿಡಿಸಿದ್ದು ಸಿಂಗಪುರದ ಸರಳತೆ ಮತ್ತು ಅಮೆರಿಕದ ಆಧಾರ. ಹತ್ತು ಗುಂಟೆಯ ಬರಿ ನೆಲಕ್ಕೆ 0.2 ಹಿಡಿದರೆ ಸೆಕೆಂಡಿಗೆ 3.3 ಲೀಟರ್. ಗುರಿ ಅದೇ ಆಗಿರಲಿ. ಮುಟ್ಟಲಾಗದಿದ್ದರೆ ಯಾಕೆ ಮುಟ್ಟಲಾಗಲಿಲ್ಲ ಎಂದು ವರದಿ ಬರೆಯುವವರು ವಿವರಿಸಲಿ.

ನಡುವಿನ ಮಳೆಗಾಲಗಳು

ಮೊದಲು ಮತ್ತು ನಂತರ ಎಂದು ಎರಡೇ ಕಾಲಂ ಬರೆಯುವವರು ನಡುವಿನದನ್ನು ಮರೆಯುತ್ತಾರೆ. ಕೆಡವಿದ ದಿನದಿಂದ ಜನ ವಾಸಕ್ಕೆ ಬರುವವರೆಗೆ ಕನಿಷ್ಠ ಎರಡು ಮಳೆಗಾಲ ಕಳೆಯುತ್ತದೆ. ಅಷ್ಟು ಕಾಲವೂ ನೆಲ ಬೆತ್ತಲೆ. ಅಗೆದ ಕೆಂಪು ಮಣ್ಣು, ಎಂ ಸ್ಯಾಂಡ್, ಸಿಮೆಂಟಿನ ತಿಳಿ ಎಲ್ಲವೂ ಮಳೆಯೊಂದಿಗೆ ಬೀದಿಯ ಮೋರಿಗೆ ಇಳಿದು, ಮುಂದಿನ ತಿರುವಿನಲ್ಲಿ ಹೂಳಾಗಿ ಕೂರುತ್ತದೆ. ಚರಂಡಿ ಅರ್ಧ ತುಂಬಿದ ಮೇಲೆ ಅದರ ಲೆಕ್ಕದ ಸಾಮರ್ಥ್ಯಕ್ಕೆ ಅರ್ಥವಿಲ್ಲ. ನಿವೇಶನದ ಕೆಳಬದಿಯಲ್ಲಿ ಹೂಳು ತಡೆಯುವ ಒಂದು ಗುಂಡಿ ತೋಡಿ ವಾರಕ್ಕೊಮ್ಮೆ ಎತ್ತಿಸುವುದು ಯಾವ ಬಿಲ್ಡರಿಗೂ ಹೊರೆಯಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಜೆಸಿಬಿ ಓಡಾಡಿದ, ರೆಡಿಮಿಕ್ಸ್ ಲಾರಿ ನಿಂತ ಮಣ್ಣು ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಅದರ ಮೇಲೆ ಹುಲ್ಲು ಹಾಸಿದರೂ ನೀರು ಇಂಗುವುದಿಲ್ಲ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಒಂದಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ. ಸನಿಕೆ ಸವರಿ ನುಣುಪಾದ ಬದಿಗಳನ್ನು ಚೂರಿಯಿಂದ ಕೆರೆದು ಒರಟು ಮಾಡಿ. ನೀರು ತುಂಬಿಸಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಮರದ ಪಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ನೀರು ಎಷ್ಟು ಇಳಿಯಿತೆಂದು ಗುರುತು ಹಾಕುತ್ತಾ ಹೋಗಿ. ಇಳಿತ ಒಂದೇ ಸಮ ಆಗುವವರೆಗೆ ಇದು ನಡೆಯಬೇಕು. ಕೆಡವುವ ಮೊದಲು ಒಮ್ಮೆ, ಕಟ್ಟಿ ಮುಗಿದ ಮೇಲೆ ಒಮ್ಮೆ ಅದೇ ಜಾಗದಲ್ಲಿ ಮಾಡಿ. ಎರಡು ಇಳಿತಗಳನ್ನು ಪಕ್ಕಪಕ್ಕ ಬರೆದಿಟ್ಟರೆ, ಕೋಷ್ಟಕದಿಂದ ಆರಿಸಿದ ಗುಣಾಂಕಕ್ಕಿಂತ ಹೆಚ್ಚು ನಂಬಬಹುದಾದ ಸಾಕ್ಷಿ ಅದು.

ತುಂಬಿದ ಸಂಪು, ಖಾಲಿ ತೊಟ್ಟಿ

ಮಳೆನೀರು ಕೊಯ್ಲು ಕಡ್ಡಾಯವಾಗಿದೆಯಲ್ಲ, ಸಾಲದೇ ಎಂದು ನೀವು ಕೇಳಬಹುದು. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿ ಇದನ್ನು ತಂದಿತು. ಈಗಿನ ನಿಯಮದಂತೆ ಚಾವಣಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಗಟ್ಟಿ ನೆಲಕ್ಕೆ 30 ಲೀಟರ್ ನೀರು ಹಿಡಿಯುವ ಅಥವಾ ಇಂಗಿಸುವ ವ್ಯವಸ್ಥೆ ಬೇಕು. ನಮ್ಮ ಹೊಸ ಕಟ್ಟಡಕ್ಕೆ 36,000 ಮತ್ತು 9,600, ಒಟ್ಟು 45,600 ಲೀಟರ್. ಒಳ್ಳೆಯ ನಿಯಮ, ಒಳ್ಳೆಯ ಅಂಕಿ.

ಆದರೆ ಕುಡಿಯಲು, ಬಳಸಲು ಕೂಡಿಡುವ ಸಂಪು ತುಂಬಿದ್ದಷ್ಟೂ ಮನೆಯವರಿಗೆ ಸಂತೋಷ. ಪ್ರವಾಹ ತಡೆಯುವ ತೊಟ್ಟಿ ಮಳೆ ಬರುವ ಹೊತ್ತಿಗೆ ಖಾಲಿ ಇರಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಂಜೆ ಬಿಟ್ಟು ಸಂಜೆ ಮಳೆ ಬರುವ ಊರಿನಲ್ಲಿ ಸೋಮವಾರ ತುಂಬಿದ ಸಂಪು ಬುಧವಾರದ ಮಳೆಗೆ ಲೆಕ್ಕಕ್ಕೇ ಇಲ್ಲ. ಒಂದೇ ತೊಟ್ಟಿಯನ್ನು ಎರಡೂ ಕೆಲಸಕ್ಕೆ ತೋರಿಸುವ ವರದಿಯನ್ನು ಒಪ್ಪಬೇಡಿ. ಕೆಳಭಾಗ ಬಳಕೆಗೆ, ಮೇಲ್ಭಾಗ ತಡೆಗೆ ಎಂದು ಗೆರೆ ಎಳೆದು, ಆ ಗೆರೆಯ ಮಟ್ಟದಲ್ಲಿ ನೀರು ಹೊರಬೀಳುವ ಕಿಂಡಿ ಇಟ್ಟರೆ ಆಗಬಹುದು.

ಆ ಕಿಂಡಿಯ ಅಳತೆ ಕೇಳಿದರೆ ಆಶ್ಚರ್ಯಪಡುತ್ತೀರಿ. ಬರಿ ನೆಲದ 3.3 ಲೀಟರಿನ ಗುರಿಗೆ ತೂತು ಇನ್ನೂ ಕಿರಿದಾಗಬೇಕು; ಸದ್ಯ ಹಳೆಯ ಮನೆಯ ಹರಿವನ್ನೇ ಮಿತಿಯಾಗಿ ಹಿಡಿದು, ಒಂದೂವರೆ ಮೀಟರ್ ನೀರಿನ ಒತ್ತಡಕ್ಕೆ ಸೆಕೆಂಡಿಗೆ 7.3 ಲೀಟರ್ ಮೀರದಂತೆ ಬಿಡಲು ಬೇಕಾದ್ದು ಸುಮಾರು 53 ಮಿಲಿಮೀಟರ್ ವ್ಯಾಸದ ತೂತು, ಎರಡು ಇಂಚಿಗಿಂತ ಚೂರು ದೊಡ್ಡದು. ಗಂಟೆಗೆ 60 ಮಿಲಿಮೀಟರಿನಂತೆ ಒಂದು ಗಂಟೆ ಸುರಿದ ಮಳೆಯನ್ನು ಈ ಮಿತಿಯೊಳಗೆ ಸಂಭಾಳಿಸಲು 25,000 ಲೀಟರಿಗೆ ಕಡಿಮೆಯಿಲ್ಲದ ಖಾಲಿ ಜಾಗ ಬೇಕು. ಮಳೆ ನಿಂತ ಮೇಲೆ ಅದು ಎರಡು ಗಂಟೆಯಲ್ಲಿ ಬರಿದಾಗಿ ಮುಂದಿನ ಮಳೆಗೆ ಸಿದ್ಧ. ಮುಂದೆ ಕಸ ತಡೆಯುವ ಜಾಲರಿ, ಮೇಲೆ ಹೆಚ್ಚುವರಿ ನೀರಿಗೆ ದಾರಿ. ನಮ್ಮ ಕೆರೆಗಳ ತೂಬು ಮತ್ತು ಕೋಡಿ ಮಾಡುತ್ತಿದ್ದ ಕೆಲಸವೇ ಇದು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಸಲಹೆ ಕೊಡಲು ಹೋದ ವಿಶ್ವೇಶ್ವರಯ್ಯನವರು ಹೇಳಿದ್ದೂ ಇದನ್ನೇ: ಊರಿನ ಮೇಲ್ಗಡೆಯೇ ನೀರನ್ನು ತಡೆದು ನಿಧಾನವಾಗಿ ಬಿಡಬೇಕು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಆ ವಿಚಾರದಿಂದ.

ತಡೆತೊಟ್ಟಿಯೂ ಪೂರ್ಣ ಪರಿಹಾರವಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅದು ನೀರನ್ನು ತಡಮಾಡುತ್ತದೆ, ಕಡಿಮೆ ಮಾಡುವುದಿಲ್ಲ. ಕಣಿವೆಯ ಕೆಳಭಾಗದ ನಿವೇಶನ ತನ್ನ ನೀರನ್ನು ತಡಮಾಡಿ ಬಿಟ್ಟರೆ ಅದು ಮೇಲಿನಿಂದ ಬರುವ ಪ್ರವಾಹದ ತುದಿಯ ಜೊತೆಗೇ ಕೂಡಿಕೊಳ್ಳಲೂಬಹುದು. ಹಾಗಾಗಿ ಮೇಲ್ಭಾಗದಲ್ಲಿ ತಡೆ, ಎಲ್ಲೆಡೆ ಇಂಗುವಿಕೆ ಮತ್ತು ಬಳಕೆ. ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಇಂಗುಬಾವಿ ಒಮ್ಮೆಗೆ ಸುಮಾರು 4,000 ಲೀಟರ್ ಹಿಡಿಯುತ್ತದೆ, ಇಂಗಿಸುತ್ತಾ ಮತ್ತೆ ಹಿಡಿಯುತ್ತದೆ. ಅದಕ್ಕೆ ಬೇಕಾದ್ದು ನೆಲಮಾಳಿಗೆ ತಿನ್ನದೆ ಉಳಿಸಿದ ಒಂದಿಷ್ಟು ನಿಜವಾದ ನೆಲ.

ಒಂದು ಪುಟದ ಬೇಡಿಕೆ

ಇಷ್ಟೆಲ್ಲ ಹೇಳಿದ ಮೇಲೆ ನಾನು ಕೇಳುವುದು ಒಂದು ಪುಟ. ಮರುನಿರ್ಮಾಣದ ನಕ್ಷೆಯ ಜೊತೆಗೆ ಪಾಲಿಕೆಗೆ ಕೊಡುವ ಆ ಪುಟದಲ್ಲಿ ಬರಿ ನೆಲ, ಹಳೆಯ ಕಟ್ಟಡ, ಹೊಸ ಕಟ್ಟಡ ಈ ಮೂರು ಸ್ಥಿತಿಗಳ ವಿಸ್ತೀರ್ಣ ಮತ್ತು ಗುಣಾಂಕ ಇರಲಿ. ಮೂರಕ್ಕೂ ಗರಿಷ್ಠ ಹರಿವು ಮತ್ತು ಒಟ್ಟು ನೀರು ಇರಲಿ. ಗುಂಡಿ ತೋಡಿ ನೋಡಿದ ಇಂಗುವ ವೇಗ, ತಡೆತೊಟ್ಟಿಯ ಗಾತ್ರ, ಕಿಂಡಿಯ ವ್ಯಾಸ, ಬರಿದಾಗಲು ಬೇಕಾದ ಹೊತ್ತು ಬರೆದಿರಲಿ. ಸ್ವಾಧೀನಾನುಭವ ಪತ್ರ ಕೊಡುವ ಮೊದಲು ಎಂಜಿನಿಯರೊಬ್ಬರು ಸ್ಥಳಕ್ಕೆ ಹೋಗಿ, ತೊಟ್ಟಿಗೆ ನೀರು ಬಿಟ್ಟು, ಗಡಿಯಾರ ಹಿಡಿದು ನೋಡಿ ಸಹಿ ಮಾಡಲಿ. ಆ ಪುಟ ಸಾರ್ವಜನಿಕರಿಗೆ ಸಿಗುವಂತಿರಲಿ, ಯಾಕೆಂದರೆ ಅದನ್ನು ಓದಬೇಕಾದವರಲ್ಲಿ ಮೊದಲಿಗರು ಕೆಳಮನೆಯವರು.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಾಳೆ ನಿಮ್ಮ ಮುಂದೆ ಇಂಥ ವರದಿ ಸಹಿಗೆ ಬಂದಾಗ ಕೊನೆಯ ಪುಟದ ತೀರ್ಮಾನವನ್ನು ಆಮೇಲೆ ಓದಿ. ಹಿತ್ತಲಿನ ಮಣ್ಣಿಗೆ ಯಾವ ಗುಣಾಂಕ ಕೊಟ್ಟಿದ್ದಾರೆ ಎಂಬುದನ್ನು ಮೊದಲು ನೋಡಿ. ಮನೆ ಕಟ್ಟಿಸುವವರಿಗೂ ಒಂದು ಕೋರಿಕೆ: ಅಪಾರ್ಟ್‌ಮೆಂಟಿಗೆ ಜಾಗ ಕೊಡುವ ಒಪ್ಪಂದದಲ್ಲಿ ಎಷ್ಟು ಫ್ಲ್ಯಾಟ್, ಎಷ್ಟು ಪಾರ್ಕಿಂಗ್ ಎಂದು ಬರೆಸುವ ಹಾಗೆಯೇ, ಇಷ್ಟು ಚದರ ಮೀಟರ್ ನೆಲವನ್ನು ಕೆಳಗೆ ತೋಡದೆ ಬಿಡಬೇಕು ಎಂದೂ ಬರೆಸಿ. ಆ ಒಂದು ಸಾಲನ್ನು ಸೇರಿಸಲು ನಿಮಗೆ ಯಾವ ಕಾನೂನಿನ ತಿದ್ದುಪಡಿಯೂ ಬೇಕಿಲ್ಲ.